ಹಿಡಿಯ ತೂತು: ಕಾಯಿಸಿ ಇಳಿಸಬೇಕೆ, ಕೊರೆದು ಕೂರಿಸಬೇಕೆ?

ಅಲಗು ಮೊಂಡಾದರೆ ಕಲ್ಲಿನ ಮೇಲೆ ಮಸೆದುಕೊಳ್ಳಬಹುದು. ಹಿಡಿ ಸಡಿಲವಾದ ಮಚ್ಚನ್ನು ಮಾತ್ರ ಯಾರೂ ನಂಬುವುದಿಲ್ಲ. ಬೀಸಿದ ಅಲಗು ಕಾಯಿಯ ಮೇಲೆ ಬೀಳುತ್ತದೆಯೋ ಎದುರಿಗೆ ನಿಂತವರ ಕಾಲ ಮೇಲೆ ಬೀಳುತ್ತದೆಯೋ ಹೇಳುವಂತಿಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ರೈತರ ಮನೆಯಲ್ಲಿ ಹಿಡಿ ಇರುವ ಹರಿತದ ಸಾಮಾನು ಒಂದೆರಡಲ್ಲ. ಹಿಪ್ಪುನೇರಳೆ ಕಡ್ಡಿ ಕೊಯ್ಯಲು ಒಂದು ಕುಡುಗೋಲು, ರಾಗಿ ಕೊಯ್ಲಿಗೆ ಕಕ್ಕು ಹಾಕಿಸಿದ ಇನ್ನೊಂದು, ಎಳನೀರು ಕೆತ್ತುವ ಮಚ್ಚು, ಚಾಕಿ ಹುಳುವಿಗೆ (ಎಳೆಯ ರೇಷ್ಮೆಹುಳುವಿಗೆ) ಸೊಪ್ಪು ಹೆಚ್ಚುವ ಚಾಕು, ಅಡುಗೆಮನೆಯ ಚಾಕು. ಇವುಗಳ ಆಯಸ್ಸು ನಿಂತಿರುವುದು ಕಣ್ಣಿಗೆ ಬೀಳದ ಒಂದು ಜಾಗದ ಮೇಲೆ. ಅಲಗಿನ ಹಿಂಬದಿಯಲ್ಲಿ ಕಮ್ಮಾರ ಸಣ್ಣಗೆ ಬಡಿದು ಎಳೆದ ಕಬ್ಬಿಣದ ಬಾಲವೊಂದು ಇರುತ್ತದೆ. ಅದು ಇಳಿದು ಕೂರುವ, ಹಿಡಿಯೊಳಗಿನ ತೂತೇ ಆ ಜಾಗ.

ಆ ತೂತನ್ನು ಮಾಡುವ ದಾರಿ ಎರಡು. ಮರಕ್ಕೆ ಸಣ್ಣದೊಂದು ತೂತು ಹಾಕಿ, ಬಾಲವನ್ನು ಕೆಂಪಗೆ ಕಾಯಿಸಿ, ಮರವನ್ನು ಸುಡುತ್ತಾ ಒಳಗಿಳಿಸುವುದು ಒಂದು. ಬಾಲದ ಅಳತೆಗೆ ತಕ್ಕಂತೆ ಬೈರಿಗೆಯಿಂದಲೋ ಡ್ರಿಲ್‌ನಿಂದಲೋ ಕೊರೆದು, ಅರಗನ್ನೋ ಅಂಟನ್ನೋ ತುಂಬಿ ಕೂರಿಸುವುದು ಇನ್ನೊಂದು. ಹಲಗೆಯಂತೆ ಚಪ್ಪಟೆಯಾದ ಬಾಲದ ಎರಡೂ ಮಗ್ಗುಲಿಗೆ ಮರವಿಟ್ಟು ಮೊಳೆ ಹೊಡೆದು ಬಡಿಯುವ ಮೂರನೆಯ ಬಗೆಯೂ ಉಂಟು. ಅದರಲ್ಲಿ ತೂತಿನ ಪ್ರಶ್ನೆಯೇ ಬೇರೆಯಾದ್ದರಿಂದ ಅದನ್ನು ಸದ್ಯಕ್ಕೆ ಪಕ್ಕಕ್ಕಿಡುತ್ತೇನೆ.

ಈ ಎರಡು ದಾರಿಗಳ ತಕರಾರು ಇದೇ ಸೀಮೆಯಲ್ಲಿ ಹುಟ್ಟಿದ್ದಲ್ಲ. ಆದರೂ ಅದನ್ನು ತೂಗಿ ನೋಡಲು ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. 1800ರಲ್ಲಿ ಪ್ರವಾಸಿ ಫ್ರಾನ್ಸಿಸ್ ಬುಕಾನನ್ ಇಲ್ಲಿ ಹಾದುಹೋದಾಗ ಮಾಗಡಿ ಸುತ್ತಿನಲ್ಲಿ ಕಬ್ಬಿಣ ಕರಗಿಸುವವರನ್ನು ಕಂಡಿದ್ದ. ಚನ್ನಪಟ್ಟಣದಲ್ಲಿ ವಾದ್ಯಗಳಿಗಾಗಿ ಉಕ್ಕಿನ ತಂತಿ ಎಳೆಯುತ್ತಿದ್ದರು, ಆ ತಂತಿ ದೂರದ ಊರುಗಳಿಗೂ ಹೋಗುತ್ತಿತ್ತು ಎಂದು ಅವನ ಪ್ರವಾಸಕಥನ ಹೇಳುತ್ತದೆ. ಅದೇ ಚನ್ನಪಟ್ಟಣ ಮರ ಕಡೆಯುವ, ಅರಗು ಬಳಿಯುವ ಊರೂ ಹೌದು. ಟಿಪ್ಪುವಿನ ಕಾಲದಲ್ಲಿ ಪರ್ಷಿಯಾದ ಕುಶಲಿಗರಿಂದ ಆ ಕಲೆ ಬಂತೆಂದು ಜನ ಹೇಳಿಕೊಂಡು ಬಂದಿದ್ದಾರೆ. 20ನೇ ಶತಮಾನದ ಆರಂಭದಲ್ಲಿ ಜಪಾನಿಗೆ ಹೋಗಿ ಕಲಿತು ಬಂದ ಬಾವಾಸ್ ಮಿಯಾ ಅದಕ್ಕೆ ಹೊಸ ರೂಪ ಕೊಟ್ಟವರು ಎಂದು ಊರು ಇಂದಿಗೂ ನೆನೆಯುತ್ತದೆ. ಹೀಗೆ ಕಬ್ಬಿಣ ಬಡಿಯುವ ಕೈ, ಮರ ಕಡೆಯುವ ಕೈ ಎರಡೂ ಒಂದೇ ಸೀಮೆಯಲ್ಲಿ ಇದ್ದವು. ಹಿಡಿಯ ತೂತು ಆ ಎರಡು ಕಸುಬಿನ ಗಡಿಯಲ್ಲಿ ಬೀಳುತ್ತದೆ. ತಕರಾರಿನ ಬೇರು ಅಲ್ಲಿಯೇ ಇದೆ ಎಂಬುದು ನನ್ನ ಅನಿಸಿಕೆ. ಕಾಯಿಸಿ ಇಳಿಸುವ ಕಮ್ಮಾರನಿಗೆ ಕಡೆಯುವವನ ಹಂಗಿಲ್ಲ, ಕೊರೆದು ಕೂರಿಸುವವನಿಗೆ ಕುಲುಮೆಯ ಹಂಗಿಲ್ಲ.

ಮೊದಲು ಬೆಂಕಿಯ ಪರವಾಗಿ ಹೇಳಬೇಕಾದ್ದನ್ನು ಹೇಳಿಬಿಡೋಣ. ಕಮ್ಮಾರ ಬಡಿದ ಬಾಲ ದುಂಡಗಿರುವುದಿಲ್ಲ. ಅದು ಚೌಕವಾಗಿರುತ್ತದೆ, ಇಲ್ಲವೇ ಚಪ್ಪಟೆಯಾಗಿರುತ್ತದೆ. ಅಲಗಿನ ಕಡೆ ಅಗಲ, ತುದಿಗೆ ಚೂಪು. ಎರಡು ಅಲಗಿನ ಬಾಲ ಒಂದೇ ಅಳತೆಗೆ ಬರುವುದೂ ಇಲ್ಲ. ಇಂಥ ಆಕಾರದ ತೂತನ್ನು ಯಾವ ಡ್ರಿಲ್ ಬಿಟ್ಟೂ ಕೊರೆಯಲಾರದು. ಕಾದ ಬಾಲವಾದರೆ ತನ್ನ ಮನೆಯನ್ನು ತಾನೇ ಕಟ್ಟಿಕೊಳ್ಳುತ್ತದೆ. ಕಮ್ಮಾರ ಅದನ್ನು ಒಳಗೆ ಒತ್ತುತ್ತಾನೆ, ಹೊಗೆ ಎದ್ದೊಡನೆ ಹೊರಗೆಳೆದು ಒಳಗಿನ ಮಸಿಯನ್ನು ಕುಟ್ಟಿ ಉದುರಿಸುತ್ತಾನೆ, ಮತ್ತೆ ಕಾಯಿಸಿ ಇನ್ನಷ್ಟು ಇಳಿಸುತ್ತಾನೆ. ಕೊನೆಯ ಒಂದು ಬೆರಳಿನಷ್ಟನ್ನು ಸುಡದೆ ಬಿಟ್ಟು, ಬಾಲ ಆರಿದ ಮೇಲೆ ಬಡಿದು ಇಳಿಸುವುದು ತಿಳಿದವರ ಕೆಲಸ. ಅಲಗು ಕೆಳಗಾಗುವಂತೆ ಹಿಡಿಯನ್ನು ತೂಗಿ ಹಿಡಿದು, ಹಿಡಿಯ ಬುಡಕ್ಕೆ ಕೊಡತಿಯಲ್ಲಿ ಬಡಿದರೆ ಸಾಕು, ಅಲಗಿನ ಭಾರಕ್ಕೆ ಹಿಡಿ ತಾನಾಗಿ ಬಾಲದ ಮೇಲೆ ಏರುತ್ತದೆ. ಅಂಟು ಬೇಡ, ಕರೆಂಟು ಬೇಡ, ಕಾಯುವುದೂ ಬೇಡ. ಕುಡುಗೋಲು ತಟ್ಟಿಸಲು ಬಂದ ರೈತ ಹಿಡಿ ಹಾಕಿಸಿಕೊಂಡೇ ಮನೆಗೆ ಹೋಗುತ್ತಾನೆ.

ಇದು ಬಡತನದ ಉಪಾಯ ಎಂದು ತಳ್ಳಿಹಾಕುವಂತಿಲ್ಲ. ಬಾವಾಸ್ ಮಿಯಾ ಕಲಿಯಲು ಹೋದ ಜಪಾನಿನಲ್ಲಿ, ಜಗತ್ತೇ ಕೊಂಡಾಡುವ ಅಡುಗೆ ಚಾಕುಗಳ ಹೊನೊಕಿ ಮರದ ಹಿಡಿಗಳನ್ನು ಇಂದಿಗೂ ಕಾಯಿಸಿಯೇ ಇಳಿಸುತ್ತಾರೆ. ಸವೆದ ಹಿಡಿಯನ್ನು ಬಡಿದು ತೆಗೆದು ಹೊಸದನ್ನು ಹಾಕಿಕೊಳ್ಳುವುದು ಅಲ್ಲಿ ಮಾಮೂಲು.

ಬೆಂಕಿಗೂ ತನ್ನ ಕೆಡುಕುಂಟು. ಮೊದಲನೆಯದು ಹದ. ನಮ್ಮ ಕಡೆ ಮಚ್ಚಿಗೂ ಕತ್ತಿಗೂ ಹೆಚ್ಚಾಗಿ ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯೇ ಬಂಡವಾಳ. ಅದು ಹದ ಹಿಡಿಯುವ ಒಳ್ಳೆಯ ಉಕ್ಕು. ಹದ ಕೊಟ್ಟ ಅಲಗನ್ನು ಮತ್ತೆ ಕಾಯಿಸಿದರೆ ಅದು ಮೊದಲು ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ, ಸುಮಾರು 300 ಡಿಗ್ರಿಯ ಹೊತ್ತಿಗೆ ನೀಲಿಯಾಗುತ್ತದೆ. ಅಷ್ಟು ಹೊತ್ತಿಗೆ ಬಾಯಿಯ ಗಡಸು ಇಳಿದಿರುತ್ತದೆ. ಬಾಲವನ್ನು ಕೆಂಪಗೆ ಕಾಯಿಸುವಾಗ ಆ ಕಾವು ಅಲಗಿನ ಕಡೆಗೂ ಹರಿಯದೆ ಇರದು. ಒದ್ದೆ ಬಟ್ಟೆ ಸುತ್ತಿಯೋ ಅಲಗನ್ನು ನೀರಿನಲ್ಲಿ ಅದ್ದಿಟ್ಟುಕೊಂಡೋ ಇದನ್ನು ತಡೆಯಬಹುದು. ಬಾಲದ್ದೇ ಆಕಾರದ ಬೇರೊಂದು ಕಂಬಿ ಕಾಯಿಸಿ ತೂತು ಸುಡುವವರೂ ಇದ್ದಾರೆ. ಉದ್ದನೆಯ ಮಚ್ಚಿಗೆ ಇದು ದೊಡ್ಡ ತೊಂದರೆಯಲ್ಲ, ಅದರ ಬಾಯಿ ಹಿಡಿಯಿಂದ ದೂರವಿರುತ್ತದೆ. ಗೇಣುದ್ದವೂ ಇಲ್ಲದ ತೆಳು ಚಾಕುವಿಗೆ ಮಾತ್ರ ಇದೇ ದೊಡ್ಡ ತೊಂದರೆ.

ಎರಡನೆಯದು ಮಸಿ. ಸುಟ್ಟ ಮರ ಎಂದರೆ ಇದ್ದಿಲು. ಇದ್ದಿಲಿಗೆ ಬಿಗಿತವಿಲ್ಲ, ಏಟು ಬಿದ್ದಂತೆ ಪುಡಿಯಾಗುತ್ತದೆ. ಸರಿಯಾಗಿ ಉದುರಿಸದೆ ಕೂರಿಸಿದ ಬಾಲ ಅಂಗಡಿಯಲ್ಲಿ ಗಟ್ಟಿಯಾಗಿದ್ದು, ಕೆಲಸಕ್ಕೆ ಇಳಿದ ಮೇಲೆ ಆಡತೊಡಗುತ್ತದೆ. ಸುಟ್ಟ ಪದರ ನೀರು ಹೀರುವುದಿಲ್ಲ, ಹಿಡಿ ಒಳಗಿಂದ ಕೊಳೆಯುವುದಿಲ್ಲ ಎಂದು ಕಮ್ಮಾರರು ವಾದಿಸುತ್ತಾರೆ. ಅದರಲ್ಲಿ ಹುರುಳಿಲ್ಲದಿಲ್ಲ. ಆದರೆ ಅದು ತೆಳುವಾಗಿ, ಬಿಗಿಯಾಗಿ ಸುಟ್ಟ ಪದರಕ್ಕೆ ಸಲ್ಲುವ ಮಾತು. ಒಂದೇ ಸಲಕ್ಕೆ ಕೆಂಡದಂತಹ ಬಾಲವನ್ನು ತುರುಕಿದ ಹಿಡಿಗೆ ಸಲ್ಲುವುದಿಲ್ಲ.

ಈಗ ಕೊರೆಯುವವರ ಕಡೆಗೆ ಬರೋಣ. ಇಲ್ಲಿ ಚನ್ನಪಟ್ಟಣಕ್ಕೆ ಒಂದು ಅನುಕೂಲವಿದೆ, ಅದನ್ನು ವಿವರಿಸಲು ಸ್ವಲ್ಪ ಹೊತ್ತು ಬೇಕು. ಕೈಯಲ್ಲಿ ಹಿಡಿದ ಡ್ರಿಲ್‌ನಿಂದ ಹಿಡಿಯ ತುದಿಗೆ ಕೊರೆದರೆ ಡ್ರಿಲ್ ಬಿಟ್ಟು ಎಳೆಯ ದಾರಿ ಹಿಡಿಯುತ್ತದೆ. ಮರದ ಎಳೆ ವಾಲಿದ ಕಡೆಗೆ ಅದೂ ವಾಲುತ್ತದೆ. ನಾಲ್ಕು ಬೆರಳು ಆಳಕ್ಕೆ ಹೋಗುವಷ್ಟರಲ್ಲಿ ತೂತು ನಡುವಿನಿಂದ ಸರಿದು, ಒಂದು ಮಗ್ಗುಲಲ್ಲಿ ಮರ ತೆಳ್ಳಗಾಗಿರುತ್ತದೆ. ಮುಂದೊಂದು ದಿನ ಹಿಡಿ ಸೀಳುವುದು ಅಲ್ಲಿಂದಲೇ. ಮರ ಕಡೆಯುವ ಚರಕಿಯ ಮೇಲೆ ಲೆಕ್ಕ ತಿರುಗುಮುರುಗಾಗುತ್ತದೆ. ತಿರುಗುವುದು ಮರ, ನಿಂತಿರುವುದು ಉಳಿ. ಒಂದು ತುದಿಯನ್ನು ಚರಕಿಗೆ ಬಿಗಿದು, ತೆರೆದ ತುದಿಯ ನಡುವಿಗೆ ಚೂಪಾದ ಉಳಿ ಹಿಡಿದರೆ ಅದು ತಿರುಗುವ ಅಕ್ಷವನ್ನು ತಾನೇ ಹುಡುಕಿಕೊಳ್ಳುತ್ತದೆ. ಮಣಿ, ಉಂಗುರ, ಬೊಂಬೆಯ ಕುತ್ತಿಗೆ ಇವಕ್ಕೆಲ್ಲ ತೂತು ಕೊರೆದು ಪಳಗಿದವರಿಗೆ ಇದು ಹೊಸ ವಿದ್ಯೆಯಲ್ಲ. ಅದೇ ಬಿಗಿತದಲ್ಲಿ ಹೊರಮೈಯನ್ನೂ ಕಡೆದುಬಿಟ್ಟರೆ ತೂತಿಗೂ ಹಿಡಿಗೂ ಒಂದೇ ನಡು. ತೂತು ಮೊದಲು, ಆಕಾರ ಆಮೇಲೆ ಎಂಬ ಕ್ರಮ ಕೊರೆಯುವವರ ದೊಡ್ಡ ಬಲ.

ಇನ್ನೊಂದು ಲಾಭ ಮರದ ತಿರುಳಿನದು. ಚನ್ನಪಟ್ಟಣದವರು ಹೆಚ್ಚು ಬಳಸುವ ಆಲೆ ಮರದ ಕೊಂಬೆಗಳು ಸಣ್ಣವು. ಹಿಡಿಯಷ್ಟು ದಪ್ಪದ ತುಂಡಿನ ನಟ್ಟನಡುವೆ ತಿರುಳು ಬಂದೇ ಬರುತ್ತದೆ, ಒಣಗುವಾಗ ಬಿರುಕು ಆರಂಭವಾಗುವುದು ಆ ತಿರುಳಿನಿಂದ. ನಡುವೆ ಕೊರೆದರೆ ತಿರುಳೇ ಹೊರಟುಹೋಗುತ್ತದೆ, ಮರಕ್ಕೆ ಕುಗ್ಗಲು ಒಳಗಡೆ ಜಾಗ ಸಿಗುತ್ತದೆ. ಹಾಗೆಂದು ಹಸಿ ಮರಕ್ಕೆ ಕೊರೆದಿಟ್ಟರೆ ತೂತು ಅಂಡಾಕಾರಕ್ಕೆ ತಿರುಗುತ್ತದೆ, ಯಾಕೆಂದರೆ ಮರ ಎಲ್ಲ ಕಡೆಗೂ ಒಂದೇ ಸಮ ಕುಗ್ಗುವುದಿಲ್ಲ. ಒಣಗಿಸಿದ ಮರವೇ ಬೇಕು. ಬೆಂಕಿಯ ಕೆಲಸ ಹಸಿ ಮರಕ್ಕೆ ಇನ್ನೂ ಕೆಟ್ಟದ್ದು, ಒಳಗಿನ ನೀರು ಆವಿಯಾಗಿ ಹಿಡಿಯನ್ನೇ ಸೀಳಿಬಿಡಬಹುದು.

ದುಂಡು ತೂತಿನಲ್ಲಿ ಚೌಕ ಇಲ್ಲವೇ ಚಪ್ಪಟೆ ಬಾಲ ಹೇಗೆ ನಿಲ್ಲಬೇಕು? ಬುಡದಲ್ಲಿ ಅಗಲವಾಗಿ, ತುದಿಯಲ್ಲಿ ಸಣ್ಣಗೆ ಇರುವ ಚೌಕ ಬಾಲ ಎಂದುಕೊಳ್ಳಿ. ಪೂರ್ತಿ ಆಳಕ್ಕೆ ಸಣ್ಣ ಡ್ರಿಲ್ ಬಿಟ್ಟು, ಅರ್ಧದವರೆಗೆ ಅದಕ್ಕಿಂತ ದಪ್ಪನೆಯದು, ಬಾಯಿಯ ಹತ್ತಿರ ಇನ್ನೂ ದಪ್ಪನೆಯದು ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಕೊರೆಯುವುದು ಒಂದು ಉಪಾಯ. ಆಗ ಬಾಲದ ಮೂಲೆಗಳು ಪ್ರತಿ ಮೆಟ್ಟಿಲಲ್ಲೂ ಮರವನ್ನು ಕಚ್ಚುತ್ತವೆ. ಬಾಲ ಚಪ್ಪಟೆಯಾಗಿದ್ದರೆ ಎರಡು ಮೂರು ಸಣ್ಣ ತೂತುಗಳನ್ನು ಸಾಲಾಗಿ ಕೊರೆದು, ನಡುವಿನ ಮರವನ್ನು ಸಣ್ಣ ಅರದಿಂದ ಉಜ್ಜಿ ತೆಗೆಯುತ್ತಾರೆ. ಫಿನ್ಲೆಂಡಿನ ಪೂಕ್ಕೊ ಚಾಕು ಮಾಡುವವರ ಕ್ರಮವೂ ಹೆಚ್ಚುಕಡಿಮೆ ಇದೇ. ಎಷ್ಟು ಉಜ್ಜಿದರೂ ಸಂದು ಉಳಿಯುತ್ತದೆ. ಆ ಸಂದಿಗೆ ಏನು ತುಂಬಬೇಕು ಎಂಬಲ್ಲಿ ಎರಡನೇ ತಕರಾರು ಶುರು.

ಚನ್ನಪಟ್ಟಣದವರಿಗೆ ಅರಗು ಕೈಯಳತೆಯಲ್ಲಿದೆ. ನಮ್ಮ ದೇಶದ ಹಳೆಯ ಕತ್ತಿಗಳಲ್ಲೂ ಲೋಹದ ಹಿಡಿಯೊಳಗೆ ಅಲಗನ್ನು ನಿಲ್ಲಿಸುತ್ತಿದ್ದುದು ಅರಗು ಬೆರೆತ ಅಂಟೇ. ಇಟ್ಟಿಗೆ ಪುಡಿ ಸೇರಿಸಿ ಅದನ್ನು ಗಟ್ಟಿ ಮಾಡುವ ರೂಢಿಯೂ ಇತ್ತು. ತೂತಿಗೆ ಅರಗಿನ ಪುಡಿ ತುಂಬಿ, ಬಾಲವನ್ನು ಹದವಾಗಿ ಬಿಸಿ ಮಾಡಿ ಇಳಿಸಿದರೆ ಅದು ಕರಗಿ ಸಂದುಗೊಂದೆಲ್ಲ ತುಂಬಿಕೊಂಡು ಆರುತ್ತದೆ. ಇದಕ್ಕೆ ಮರ ಸುಡುವಷ್ಟು ಕಾವು ಬೇಡವಾದ್ದರಿಂದ ಅಲಗಿನ ಹದಕ್ಕೆ ಏನೂ ಆಗುವುದಿಲ್ಲ. ಹಿಡಿ ಒಡೆದರೆ ಮತ್ತೆ ಬಿಸಿ ಮಾಡಿ ಎಳೆದರೆ ಅಲಗು ಬಿಟ್ಟುಕೊಳ್ಳುತ್ತದೆ. ಈ ರಿಪೇರಿಯ ಗುಣ ನನಗೆ ಬಹಳ ಹಿಡಿಸುತ್ತದೆ.

ಅದೇ ಗುಣವೇ ಅದರ ದೋಷವೂ ಹೌದು. ಕುದಿಯುವ ನೀರಿನ ಕಾವಿಗೆ ಮುಟ್ಟುವ ಮೊದಲೇ ಅರಗು ಮೆತ್ತಗಾಗುತ್ತದೆ. ಒಲೆಯ ಪಕ್ಕ ಒರಗಿಸಿಟ್ಟ ಚಾಕು, ಬಿಸಿನೀರಿನ ಪಾತ್ರೆಯಲ್ಲಿ ಬಿಟ್ಟ ಚಾಕು, ಎರಡೂ ಸಡಿಲವಾಗಲು ಅಷ್ಟೇ ಸಾಕು. ಸೋಡಾ, ಸುಣ್ಣದಂಥ ಕ್ಷಾರವೂ ಅರಗನ್ನು ತಿನ್ನುತ್ತದೆ. ಅರಾಲ್ಡೈಟ್‌ನಂಥ ಎರಡು ಟ್ಯೂಬಿನ ಎಪಾಕ್ಸಿ ಅಂಟಿಗೆ ಈ ತೊಂದರೆಗಳು ಕಡಿಮೆ. ಆದರೆ ಅದು ಒಮ್ಮೆ ಕಚ್ಚಿದರೆ ಕಚ್ಚಿದ್ದೇ. ಹಿಡಿ ಬದಲಿಸಬೇಕೆಂದರೆ ಮರವನ್ನು ಒಡೆದು ಕಿತ್ತು, ಬಾಲಕ್ಕೆ ಅಂಟಿದ್ದನ್ನು ಕೆರೆದು ತೆಗೆಯಬೇಕು.

ಎರಡನ್ನೂ ಬೆರೆಸಬಾರದೇಕೆ ಎಂದು ಓದುಗರು ಕೇಳಬಹುದು. ಬೆರೆಸಬಹುದು, ಬಲ್ಲವರು ಬೆರೆಸಿಯೇ ಮಾಡುತ್ತಾರೆ. ಮುಕ್ಕಾಲು ಭಾಗ ಕೊರೆದು, ಮೂಲೆಗಳನ್ನು ಮಾತ್ರ ಕಾದ ಬಾಲದಿಂದ ಸುಟ್ಟು ಕೂಡಿಸಿದರೆ ಕಾವೂ ಕಡಿಮೆ, ಮಸಿಯೂ ಕಡಿಮೆ, ಬಿಗಿತವೂ ಸಿಗುತ್ತದೆ. ಕಸುಬಿನ ದೃಷ್ಟಿಯಿಂದ ಜಗಳ ಇಲ್ಲಿಗೇ ಮುಗಿಯಬೇಕಿತ್ತು. ಮುಗಿಯದಿರುವುದಕ್ಕೆ ಕಾರಣ ಕೆಲಸ ಹಂಚಿಕೆ. ಬೆರೆಸಿ ಮಾಡಬೇಕಾದರೆ ಚರಕಿ, ಕುಲುಮೆ ಎರಡೂ ಒಂದೇ ಹೊತ್ತಿಗೆ ಕೈಗೆ ಸಿಗಬೇಕು. ಹಿಡಿ ಕಡೆಯುವವನು ಅಲಗನ್ನು ನೋಡಿರುವುದಿಲ್ಲ, ಅಲಗು ಬಡಿದವನು ಹಿಡಿ ಮಾಡುವವನನ್ನು ಕಂಡಿರುವುದಿಲ್ಲ. ಒಂದೇ ಅಳತೆಗೆ ಕೊರೆದ ಹಿಡಿಗಳನ್ನು ಕಂತೆಗಟ್ಟಲೆ ಮೊದಲೇ ಮಾಡಿಟ್ಟುಕೊಳ್ಳಬಹುದು, ಅಂಗಡಿಗೆ ಕಳಿಸಬಹುದು, ಬೆಲೆಯೂ ಇಳಿಯುತ್ತದೆ. ಕಾಯಿಸಿ ಇಳಿಸುವ ಹಿಡಿ ಆ ಒಂದು ಅಲಗಿನದು ಮಾತ್ರ, ಅದನ್ನು ಕಂತೆ ಕಟ್ಟಿ ಮಾರಲಾಗದು.

ಹಣದ ಮಾತು ಬಂದಿತೆಂದು ಒಂದು ಅಡ್ಡ ಮಾತು. ಚನ್ನಪಟ್ಟಣದ ಭೌಗೋಳಿಕ ಸೂಚಕ ಮನ್ನಣೆ ಇರುವುದು ಬೊಂಬೆ ಮತ್ತು ಆಟಿಕೆಗಳ ಹೆಸರಿನಲ್ಲಿ. ಹಿಡಿ ಕಡೆದವನ ಮರವೂ ಅದೇ, ಅರಗೂ ಅದೇ, ಕೈಚಳಕವೂ ಅದೇ. ಆದರೂ ಹಿಡಿಯನ್ನು ಉಡುಗೊರೆಯಾಗಿ ಯಾರೂ ಕೊಂಡೊಯ್ಯುವುದಿಲ್ಲ, ಹೆದ್ದಾರಿ ಬದಿಯ ಅಂಗಡಿಗಳ ಗಾಜಿನ ಪೆಟ್ಟಿಗೆಯಲ್ಲಿ ಅದಕ್ಕೆ ಜಾಗವಿಲ್ಲ. ಬೊಂಬೆಯ ವ್ಯಾಪಾರ ಕುಗ್ಗಿದಾಗ ಕೈ ಹಿಡಿಯಬಲ್ಲ ಕೆಲಸ ಇದು ಎಂದು ನಾನು ನಂಬಿದ್ದೇನೆ. ಹಾಗೆಂದು ಬಣ್ಣದ ಅರಗು ಹೊಳೆಯುವ ಹಿಡಿ ಎಲ್ಲ ಅಲಗಿಗೂ ಹೊಂದುವುದಿಲ್ಲ. ಕೈ ಬೆವರಿದರೆ, ಕೈಗೆ ಎಣ್ಣೆ ತಾಕಿದರೆ ಆ ನುಣುಪೇ ಜಾರುತ್ತದೆ.

ಮರದ ವಿಷಯವೂ ಹಾಗೆಯೇ. ಆಲೆ ಮರ ಮೆತ್ತಗೆ, ಎಳೆ ನಯ, ಕೊರೆಯಲು ಸುಖ. ಅಡುಗೆ ಚಾಕುವಿಗೆ ಅದು ಸಾಕು. ಎಳನೀರಿನ ಮಚ್ಚಿನ ಕತೆ ಬೇರೆ. ಒಂದೊಂದು ಏಟಿಗೂ ಬಾಲ ಮರವನ್ನು ಒಳಗಿನಿಂದ ಗುದ್ದುತ್ತದೆ, ಮೆತ್ತನೆಯ ಮರದಲ್ಲಿ ತೂತು ದಿನದಿಂದ ದಿನಕ್ಕೆ ಅಗಲವಾಗುತ್ತದೆ. ಅದಕ್ಕೆ ಜಾಲಿ, ಹುಣಸೆ, ಕನಕಪುರದ ಕಡೆಯ ಕುರುಚಲು ಕಾಡಿನಲ್ಲಿ ಬೆಳೆಯುವ ದಿಂಡಿಗ, ತಡಸಲಿನಂಥ ಗಡಸು ಮರವೇ ಬೇಕು. ಗಡಸು ಮರಕ್ಕೆ ಆಳವಾಗಿ ಕೊರೆಯುವುದು ಕಷ್ಟ, ಬಿಟ್ಟು ಕಾದು ಮೊಂಡಾಗುತ್ತದೆ. ಕಾದ ಬಾಲಕ್ಕೆ ಆ ತೊಂದರೆಯಿಲ್ಲ. ಯಾವ ಮರವಾದರೂ ಬಾಯಿಗೊಂದು ಕಬ್ಬಿಣದ ಇಲ್ಲವೇ ಹಿತ್ತಾಳೆಯ ಬಳೆ ಹಾಕದೆ ಬಿಡಬಾರದು. ಒನಕೆಯ ತುದಿಗೆ ಅಣಸು ಹಾಕಿದವರ ಬುದ್ಧಿ ಇಲ್ಲಿಗೂ ಸಲ್ಲುತ್ತದೆ.

ಹೊಡೆತದ ಸಾಮಾನಿನಲ್ಲಿ ನನ್ನ ಮತ ಬೆಂಕಿಗೆ. ಮಚ್ಚಿಗೂ ದೊಡ್ಡ ಕುಡುಗೋಲಿಗೂ ಬಾಲ ಹಿಡಿಯ ಉದ್ದಕ್ಕೂ ಸಾಗಿ ಹಿಂದಿನಿಂದ ಹೊರಬಂದು, ಅಲ್ಲಿ ಮಡಿಸಿ ಬಡಿದಿರಬೇಕು. ಸುಟ್ಟ ತೂತು ಕಾಲಕ್ರಮದಲ್ಲಿ ಸಡಿಲವಾದರೂ ಆ ಮಡಿಕೆ ಅಲಗನ್ನು ಹಾರಿಹೋಗಲು ಬಿಡುವುದಿಲ್ಲ. ಅಂಟನ್ನಷ್ಟೇ ನಂಬಿ ನಿಂತ ಮಚ್ಚು, ಎಷ್ಟೇ ಚೆನ್ನಾಗಿ ಕೊರೆದಿದ್ದರೂ, ನನಗೆ ಬೇಡ. ಸಣ್ಣ ಅಡುಗೆ ಚಾಕುವಿನಲ್ಲಿ ನನ್ನ ಮತ ಕೊರೆದದ್ದಕ್ಕೆ. ಅಲ್ಲಿ ಏಟಿಲ್ಲ, ಅಲಗು ತೆಳು, ಹದ ಕೆಡುವ ಭಯ ಹೆಚ್ಚು.

ತೀರ್ಪು ಕಷ್ಟವಾಗುವುದು ಚಾಕಿ ಮನೆಯ ಚಾಕುವಿನಲ್ಲಿ. ಈ ಸೀಮೆಗೆ ಅದೇ ಮುಖ್ಯವಾದ ಚಾಕು. ಎರಡನೇ ಜ್ವರದವರೆಗೆ, ಅಂದರೆ ಎರಡನೇ ಸಲ ಪೊರೆ ಬಿಡುವವರೆಗೆ, ಹುಳುವಿಗೆ ಎಳೆಯ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕಬೇಕು. ದಿನಕ್ಕೆ ಹಲವು ಸಲ ಅದೇ ಚಾಕು, ಒದ್ದೆ ಸೊಪ್ಪು, ಒದ್ದೆ ಕೈ. ಬೆಳೆ ಮುಗಿದ ಮೇಲೆ ಹುಳುಮನೆಯನ್ನೂ ಸಾಮಾನನ್ನೂ ಸೋಂಕು ತೊಳೆಯಬೇಕು. 0.3% ಸುಣ್ಣದ ನೀರಿನಲ್ಲಿ ಕಲಸಿದ 2% ಬ್ಲೀಚಿಂಗ್ ಪುಡಿಯ ದ್ರಾವಣ ರೇಷ್ಮೆ ಇಲಾಖೆಯವರು ಹೇಳಿಕೊಡುವ ಸಾಮಾನ್ಯ ಕ್ರಮ. ಪೆಬ್ರಿನ್‌ನಂಥ ರೋಗದ ಕಣ ಸಂದಿಯಲ್ಲಿ ಉಳಿದುಬಿಟ್ಟರೆ ಮುಂದಿನ ಬೆಳೆಗೂ ಅದೇ ಕಾಟ. ಅಂದರೆ ಹಿಡಿಯ ಬಾಯಲ್ಲಿ ಸಂದು ಇರಬಾರದು. ಸುಟ್ಟ ತೂತಿನ ಬಾಯಲ್ಲಿ ಮಸಿ ಉದುರಿದ ಜಾಗ ಇದ್ದೇ ಇರುತ್ತದೆ, ಅಲ್ಲಿ ಸೊಪ್ಪಿನ ರಸ ನಿಲ್ಲುತ್ತದೆ. ಕೊರೆದು ಅರಗು ತುಂಬಿದರೆ ಮೊದಮೊದಲು ಸಂದು ಮುಚ್ಚುತ್ತದೆ. ಆಮೇಲೆ ಅದೇ ಸುಣ್ಣದ ನೀರು ಅರಗನ್ನು ತಿನ್ನುತ್ತದೆ, ಕ್ಲೋರಿನ್ ಒಳಗಿನ ಬಾಲಕ್ಕೆ ತುಕ್ಕು ಹಿಡಿಸುತ್ತದೆ. ತುಕ್ಕು ಉಬ್ಬಿದರೆ ಮರ ಸೀಳುತ್ತದೆ.

ಹೀಗಾಗಿ ಚಾಕಿ ಚಾಕುವಿಗೆ ಕೊರೆದ ತೂತಿಗೆ ಎಪಾಕ್ಸಿ ಅಂಟು ತುಂಬಿ, ಬಾಯಿಯ ಸುತ್ತ ಅಂಟು ಉಬ್ಬಿ ನಿಲ್ಲುವಂತೆ ಮುಚ್ಚಿದ್ದೇ ವಾಸಿ ಎನ್ನಬೇಕಾಗುತ್ತದೆ. ರಿಪೇರಿಗೆ ಒಗ್ಗದು ಎಂದು ಮೇಲೆ ದೂರಿದ ಅಂಟಿಗೇ ಇಲ್ಲಿ ಮಣೆ ಹಾಕುತ್ತಿದ್ದೇನೆ, ಅದು ನನಗೂ ಪೂರ್ತಿ ಒಪ್ಪಿಗೆಯಾದ ಮಾತಲ್ಲ. ಮರದ ಹಿಡಿಯೇ ಬೇಡ, ಪೂರಾ ಸ್ಟೀಲಿನ ಚಾಕು ಇಟ್ಟುಕೊಳ್ಳಿ ಎಂದು ಯಾರಾದರೂ ಹೇಳಿದರೆ ಹುಳುವಿನ ಆರೋಗ್ಯದ ಲೆಕ್ಕದಲ್ಲಿ ಅವರ ಮಾತು ಸರಿ. ಒದ್ದೆ ಕೈಯಲ್ಲಿ ಗಂಟೆಗಟ್ಟಲೆ ಸೊಪ್ಪು ಹೆಚ್ಚುವವರು, ಅವರಲ್ಲಿ ಹೆಚ್ಚಿನವರು ಹೆಂಗಸರು, ಮರದ ಹಿಡಿಯನ್ನೇ ಕೇಳುತ್ತಾರೆ. ಸ್ಟೀಲು ಜಾರುತ್ತದೆ, ಅಂಗೈ ನೋಯುತ್ತದೆ.

ಹೊಸ ಹಿಡಿ ಹಾಕಿಸಲು ಹೊರಟವರು ಊರಿನ ಕುಲುಮೆ ಇನ್ನೂ ಉರಿಯುತ್ತಿದ್ದರೆ ಮಚ್ಚನ್ನು ಅಲ್ಲಿಗೇ ಒಯ್ಯಲಿ, ಬಾಲ ಹಿಂದಿನಿಂದ ಹೊರಬರುವಷ್ಟು ಉದ್ದವಿದೆಯೇ ಎಂದು ಮೊದಲೇ ನೋಡಿಕೊಳ್ಳಲಿ. ಕೊರೆದ ಹಿಡಿ ಕೊಳ್ಳುವವರು ತೂತಿನೊಳಗೆ ನೆಟ್ಟಗಿನ ಒಂದು ಕಡ್ಡಿ ಇಳಿಸಿ ಹಿಡಿಯನ್ನು ಬೆರಳಲ್ಲಿ ತಿರುಗಿಸಲಿ. ಕಡ್ಡಿಯ ತುದಿ ಒಂದೇ ಕಡೆ ನಿಂತರೆ ತೂತು ನಡುವಿನಲ್ಲಿದೆ, ಸುತ್ತು ಹೊಡೆದರೆ ಆ ಹಿಡಿಯನ್ನು ಅಲ್ಲೇ ಬಿಟ್ಟು ಇನ್ನೊಂದನ್ನು ಆರಿಸಿಕೊಳ್ಳಲಿ.